ತಪ್ಪಲೆಯ ಒಳಗಿನ ಬಿಳುಪು

ಬೆಂಗಳೂರಿನಿಂದ ಹಾಸನಕ್ಕೆ ಹೋಗುವಾಗ ಚನ್ನರಾಯಪಟ್ಟಣಕ್ಕಿಂತ ಮೊದಲು ಸಿಗುವ ಹೋಬಳಿ ಊರು ಹಿರೀಸಾವೆ. ಈ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಹಿತ್ತಾಳೆಯ ತಂಬಿಗೆ, ತಪ್ಪಲೆಗಳು ಸಿಕ್ಕಾವು. ಕೆಳಗೆ ಅಡುಗೆಮನೆಯಲ್ಲಿ ಸ್ಟೀಲು, ಬಚ್ಚಲಲ್ಲಿ ಪ್ಲಾಸ್ಟಿಕ್ ಜಗ್ಗು. ನಾವು ಅಟ್ಟಕ್ಕೇರಿಸಿದ ಆ ತಂಬಿಗೆಗೆ ಆಧುನಿಕ ವಿನ್ಯಾಸದ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ.

ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಕುರ್ಚಿಗಳ ವಿನ್ಯಾಸಕ್ಕೆ ಹೆಸರಾದವರು. ಭಾರತ ಸರ್ಕಾರದ ಕರೆಯ ಮೇರೆಗೆ ದೇಶ ಸುತ್ತಿ 1958ರಲ್ಲಿ ವರದಿ ಕೊಟ್ಟರು. ಅದರಲ್ಲಿ ಅವರು ಬಹುವಾಗಿ ಮೆಚ್ಚಿದ್ದು ಲೋಟಾವನ್ನು, ಅಂದರೆ ನಮ್ಮ ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ಕೈಗೆ ಹೇಗೆ ಕೂರಬೇಕು, ತುಂಬಿದಾಗ ತೂಕ ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಒಬ್ಬ ಕುಶಲಿ ಗೊತ್ತು ಮಾಡಿದ್ದಲ್ಲ, ತಲೆಮಾರುಗಳು ತಿದ್ದಿದ್ದು ಎಂಬುದು ಅವರ ಮಾತಿನ ಸಾರ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಪಾತ್ರೆಯನ್ನು ರೂಪಿಸಿದವರ ಮಾತಾಯಿತು. ಅದನ್ನು ಬಾಳಿಸಿದವರು ಯಾರು? ಹಿತ್ತಾಳೆಯಲ್ಲಿ ಹುಳಿಯನ್ನೋ ಮಜ್ಜಿಗೆಯನ್ನೋ ಇಟ್ಟರೆ ಕಿಲುಬು ಏಳುತ್ತದೆ. ಅದನ್ನು ತಡೆಯಲು ಒಳಮೈಗೆ ತವರ ಬಳಿಯಬೇಕು. ಅದೇ ಕಲಾಯಿ. ಮಾತು ಬಂದದ್ದು ಅರಬ್ಬಿಯಿಂದ. ಅಲ್ಲಿ ಅದು ತವರದ ಹೆಸರು. ಆ ಕೆಲಸದವರು ನಮ್ಮ ಕಡೆ ಹೆಚ್ಚಾಗಿ ಮುಸ್ಲಿಮರೇ ಆದ್ದರಿಂದ ‘ಕಲಾಯಿ ಸಾಬರು’ ಎಂದೇ ಹೆಸರಾಯಿತು.

ಮರದ ನೆರಳಲ್ಲಿ ಗುಂಡಿ ತೋಡಿ, ತಿದಿ ಹೂಡಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸುವರು. ಬಿಳಿ ಹೊಗೆ ಏಳುತ್ತಿದ್ದಂತೆ ತವರ ತಾಗಿಸಿ ಹತ್ತಿಯಿಂದ ಸವರುವರು. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅವರಿಗೆ ಕಣ್ಣೇ ಮಾಪಕ. ಮಡಿಯ ಮನೆಗಳ ತಪ್ಪಲೆಯೂ ಈ ಕೈಗಳನ್ನು ದಾಟಿಯೇ ಒಲೆಗೆ ಮರಳುತ್ತಿತ್ತು. ಸಾಬರು ಅಡುಗೆಮನೆಯ ಹೊಸ್ತಿಲು ದಾಟದಿದ್ದರೂ ಅವರ ಕೈಕೆಲಸ ಒಳಗಿತ್ತು.

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದ. 1980ರ ದಶಕದಲ್ಲಿ ಸೇಲಂ ಕಾರ್ಖಾನೆಯ ಸ್ಟೀಲ್ ಹಾಳೆ ಪೇಟೆಗೆ ಬಂತು. ಸ್ಟೀಲಿಗೆ ಕಲಾಯಿ ಬೇಡ. ಹೆಂಗಸರ ತಿಕ್ಕುವ ಕೆಲಸ ಹಗುರವಾಯಿತು. ಅದನ್ನು ನಾವು ಹಳಿಯಲಾರೆವು. ಆದರೆ ಊರೂರು ಅಲೆದ ಒಂದು ಕಸುಬು ಸದ್ದಿಲ್ಲದೆ ಬರಿದಾಯಿತು.

ಈಗ ಹಿತ್ತಾಳೆ ತಂಬಿಗೆ ನಗರದ ಪಡಸಾಲೆಗಳಲ್ಲಿ ಹೂವು ಹೊತ್ತು ಕೂತಿದೆ. ಅದರ ರೂಪ ಪುಸ್ತಕಕ್ಕೆ ಸೇರಿದೆ, ಒಳಗಿನ ಬಿಳುಪು ಸೇರಿಲ್ಲ. ನಮ್ಮ ಮನೆಗಳಲ್ಲಿ ತಿದಿ ಒತ್ತಿದ ಅಜ್ಜಂದಿರು ಇನ್ನೂ ಇದ್ದರೆ, ಅವರ ಎದುರು ಕೂತು ಕೇಳಿ ಬರೆದಿಟ್ಟುಕೊಳ್ಳೋಣ.