ಪ್ರೇತ (ಎಲಿಜಬೆತ್ ಯುಗದ ಸೇಡಿನ ನಾಟಕಗಳಲ್ಲಿ)

ರೋಮನ್ ನಾಟಕಕಾರ ಸೆನೆಕನ ದುರಂತಗಳಿಂದ ಇಂಗ್ಲಿಷ್ ರಂಗಭೂಮಿಗೆ ಬಂದ ಪಾತ್ರ. ಥಾಮಸ್ ಕಿಡ್‌ನ ‘ದಿ ಸ್ಪ್ಯಾನಿಷ್ ಟ್ರ್ಯಾಜಿಡಿ’ಯಲ್ಲಿ (ಸು. 1587) ಸತ್ತ ಆಂಡ್ರಿಯಾ ರಂಗದ ಮೇಲೇ ಕೂತು ಹಗೆಗಳ ನಾಶ ನೋಡುತ್ತಾನೆ; ಅವನ ಪರಲೋಕ ಗ್ರೀಕ್-ರೋಮನ್ ಪುರಾಣದ್ದು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ನಲ್ಲಿ (ಸು. 1600) ಪ್ರೇತ ಒಡ್ಡುವ ತೊಡಕು ಇನ್ನೂ ಆಳವಾದದ್ದು. ಕೊಲೆಯಾದ ದೊರೆ, ಪಾಪ ಸುಟ್ಟು ಶುದ್ಧಿಗೊಳಿಸುವ ಪರ್ಗೆಟರಿಯಿಂದ ಬಂದವನಂತೆ ಮಾತಾಡುತ್ತಾನೆ. ಆ ನಂಬಿಕೆಯನ್ನು ಇಂಗ್ಲೆಂಡಿನ ಚರ್ಚು 1563ರ ಧರ್ಮಸೂತ್ರಗಳಲ್ಲಿ ತಳ್ಳಿಹಾಕಿತ್ತು. ಮಗ ಹ್ಯಾಮ್ಲೆಟ್ ಓದಿದ್ದೋ ಪ್ರಾಟೆಸ್ಟೆಂಟ್ ಸುಧಾರಕ ಲೂಥರನ ವಿಟನ್‌ಬರ್ಗಿನಲ್ಲಿ. ಬಂದದ್ದು ತಂದೆಯೋ, ತಂದೆಯ ವೇಷದ ಸೈತಾನನೋ? ಪ್ರಮಾಣ ಮಾಡಿರೆಂದು ರಂಗದ ಹಲಗೆಯಡಿಯಿಂದ ಆ ದನಿ ಕೂಗುವಾಗ ಮಗನ ಸಂಶಯ ಪ್ರೇಕ್ಷಕನದೂ ಆಗುತ್ತದೆ. ಸೇಡೂ ಪರಲೋಕದ ಲೆಕ್ಕಕ್ಕೆ ಸಿಲುಕುತ್ತದೆ: ಪ್ರಾರ್ಥನೆಗೆ ಮಂಡಿಯೂರಿದ ಕೊಲೆಗಾರ ಚಿಕ್ಕಪ್ಪನನ್ನು ಕೊಂದರೆ ಅವನು ಸ್ವರ್ಗ ಸೇರಿಯಾನೆಂದು ಹ್ಯಾಮ್ಲೆಟ್ ಕತ್ತಿಯನ್ನು ಒರೆಗೆ ಸೇರಿಸುವ ದೃಶ್ಯ ನಾಟಕದಲ್ಲೇ ಅತ್ಯಂತ ಭೀಕರ. ಕುವೆಂಪು ‘ರಕ್ತಾಕ್ಷಿ’ಯಲ್ಲಿ ಈ ಕಥೆಯನ್ನು ಬಿದನೂರಿಗೆ ತಂದರು.