ಸಂಘದ ದುಡ್ಡು, ಯಾರ ಬಡ್ಡಿ?

ಪ್ಯಾನ್ ಕಾರ್ಡು, ಸಂಬಳದ ಚೀಟಿ, ಒಳ್ಳೆಯ ಸಿಬಿಲ್ ಸ್ಕೋರು. ಇಷ್ಟಿದ್ದರೆ ನಿಮಗೂ ನನಗೂ ಫೋನಿನಲ್ಲೇ ಸಾಲ ಮಂಜೂರಾಗತ್ತೆ. ಈ ಮೂರೂ ಇಲ್ಲದ, ಪಹಣಿಯಲ್ಲಿ ಹೆಸರೂ ಇಲ್ಲದ ಕೂಲಿ ಹೆಂಗಸನ್ನ ಬ್ಯಾಂಕು ನಂಬೋದು ಹೇಗೆ? ಸ್ವಸಹಾಯ ಸಂಘ ಅನ್ನೋದು ಈ ಪ್ರಶ್ನೆಗೆ ನಮ್ಮ ದೇಶ ಕಂಡುಕೊಂಡ ಉತ್ತರ. ಅದರ ಕಥೆಯ ಒಂದು ಎಳೆ ಶುರುವಾಗೋದು ನಮ್ಮ ಹುಣಸೂರಿನ ಪಕ್ಕದಲ್ಲೇ ಅಂದ್ರೆ ಬೆಂಗಳೂರಿನ ಗೆಳೆಯರು ನಂಬಲ್ಲ.

1960ರ ದಶಕದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಟಿಬೆಟಿನ ನಿರಾಶ್ರಿತರು ಬಂದರು. ಅವರ ಪುನರ್ವಸತಿಗೆ ನೆರವಾಗಲು 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಹೆಸರಿನ ಮೊದಲಲ್ಲಿರೋದು ಮೈಸೂರೇ. ಮುಂದೆ ಅದು ಇಲ್ಲಿನ ಬಡವರ ಕಡೆ ತಿರುಗಿತು, ಎಚ್.ಡಿ. ಕೋಟೆಯಲ್ಲೂ ಕೆಲಸ ಮಾಡಿತು.

1984-85ರಲ್ಲಿ ಮೈರಾಡ ಬೆಳೆಸಿದ್ದ ಕೆಲವು ಸಹಕಾರ ಸಂಘಗಳು ಒಡೆದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಉಳಿದಿರಲಿಲ್ಲ. ಜನ ಸುಮ್ಮನೆ ಕೂರಲಿಲ್ಲ. ಒಬ್ಬರನ್ನೊಬ್ಬರು ಬಲ್ಲವರು ಹತ್ತು ಹದಿನೈದು ಮಂದಿ ಸೇರಿ ಸಣ್ಣ ಗುಂಪು ಮಾಡಿಕೊಂಡು, ಹಳೇ ಸಾಲವನ್ನ ಅದಕ್ಕೇ ತೀರಿಸ್ತೀವಿ ಅಂದರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಾದ್ಯಂತ 500 ಸಂಘಗಳನ್ನ ಬ್ಯಾಂಕಿಗೆ ಜೋಡಿಸುವ ಯೋಜನೆ ಶುರುವಾಯ್ತು.

ಲೆಕ್ಕ ಸರಳ. ಮೊದಲು ಉಳಿತಾಯ, ಆಮೇಲೆ ಸಾಲ. ಬಿತ್ತನೆ ಬೀಜಕ್ಕೋ ಆಸ್ಪತ್ರೆಗೋ, ಯಾರಿಗೆ ಎಷ್ಟು ಅಂತ ಸಭೆಯೇ ತೀರ್ಮಾನಿಸತ್ತೆ. ಉಳಿತಾಯದ ದುಡ್ಡಿಗೆ ಬರುವ ಬಡ್ಡಿ ಸಂಘದಲ್ಲೇ ಉಳಿಯತ್ತೆ. ಅಡವಿಲ್ಲದೆ ಬ್ಯಾಂಕು ಸಾಲ ಕೊಡೋದು ಆ ಪುಸ್ತಕ ನೋಡಿ.

ಆದರೆ ಇದರಿಂದ ಆಸ್ತಿಯ ಅಂತರ ಮುಚ್ಚಿತಾ? ಇಲ್ಲ ಅಂತಲೇ ನಾನು ಹೇಳ್ತೀನಿ. ನಾಗರಹೊಳೆ ಕಾಡಿನಿಂದ ಹೊರಬಿದ್ದ ಜೇನುಕುರುಬರ ಹಾಡಿಯನ್ನ ನೋಡಿ. ಕೂಲಿಯಲ್ಲಿ ಮಿಗಿಸಿದ ಇಪ್ಪತ್ತು ರೂಪಾಯಿ ಮೀಟರ್ ಬಡ್ಡಿಯಿಂದ ಬಿಡಿಸಬಹುದು, ಕಳೆದ ನೆಲ ವಾಪಸ್ ಕೊಡಿಸಲ್ಲ. ಅದಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರವೇ ಬೇಕು. ಉಳಿತಾಯ ನೆಲದ ಜೊತೆಗಿರಬೇಕೇ ಹೊರತು ನೆಲಕ್ಕೆ ಬದಲಾಗಿ ಅಲ್ಲ.

ಇನ್ನೊಂದು ಅಪಾಯ ಇದೆ. ಆಮೇಲೆ ಬಂದ ಮೈಕ್ರೋಫೈನಾನ್ಸ್ ಕಂಪನಿಗಳೂ ಗುಂಪನ್ನೇ ಹಿಡಿದವು. ಆದರೆ ದುಡ್ಡು ಹೊರಗಿನದು, ತೀರ್ಮಾನವೂ ಹೊರಗಿನದು. ಅಕ್ಕಪಕ್ಕದವರ ನಂಬಿಕೆ ಹೋಗಿ, ಅಕ್ಕಪಕ್ಕದವರ ಎದುರು ಮಾನ ಹೋಗೋ ಭಯ ಅಡವಾಯ್ತು. ವಸೂಲಿ ಕಿರುಕುಳ ತಡೆಯೋಕೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು.

ಮುಂದಿನ ಸಲ ಯಾರಾದ್ರೂ ಬಡ ಸಮುದಾಯದಲ್ಲಿ ಹಣ ಹೂಡ್ತೀವಿ ಅಂತ ಸ್ಲೈಡ್ ತೋರಿಸಿದರೆ ಎರಡೇ ಪ್ರಶ್ನೆ ಕೇಳಿ. ಸಾಲ ಯಾರಿಗೆ ಅಂತ ತೀರ್ಮಾನಿಸೋರು ಯಾರು? ಬಡ್ಡಿ ಕೊನೆಗೆ ಯಾವ ಊರಿಗೆ ಹೋಗತ್ತೆ?