ಚೌಳು ನೆಲವೂ ಅಯಾನುಗಳ ಸಮೀಕರಣವೂ

ಬಳ್ಳಾರಿಯ ಈಶಾನ್ಯದಲ್ಲಿರುವ ಮೋಕದ ಸೀಮೆ ಬಹುಮಟ್ಟಿಗೆ ಎರೆಭೂಮಿ. ಅಲ್ಲಿಂದ ಸಿರುಗುಪ್ಪದವರೆಗಿನ ಬಯಲಿನಲ್ಲಿ ಬೇಸಗೆ ಬಂದಿತೆಂದರೆ ಅಲ್ಲಲ್ಲಿ ನೆಲದ ಮೇಲೆ ಬಿಳಿಯ ಹುಡಿ ಹೊಮ್ಮುವುದುಂಟು. ಜನರು ಇದನ್ನು ಚೌಳು ಎನ್ನುತ್ತಾರೆ. ಹಿಂದೆ ಉಪ್ಪಾರರು ಇಂತಹ ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು, ಅದನ್ನು ಆರಿಸಿ ಉಪ್ಪು ತೆಗೆಯುತ್ತಿದ್ದರು. ಅವರಿಗೆ ಅದು ಜೀವನೋಪಾಯ. ರೈತನಿಗೋ ಅದು ಪೀಡೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟೆ ಮುಗಿದು ಕಾಲುವೆಗಳಲ್ಲಿ ನೀರು ಹರಿದ ಮೇಲೆ, ಬಸಿಯುವ ದಾರಿಯಿಲ್ಲದ ಗದ್ದೆಗಳಲ್ಲಿ ಈ ಪೀಡೆ ಬೆಳೆಯಿತು.

ಚೌಳಿನಲ್ಲಿ ಅತ್ಯಂತ ಕೆಟ್ಟದ್ದು ಸೋಡಿಯಂ ಕಾರ್ಬೊನೇಟ್ ಇರುವಂಥದು. ಅದಕ್ಕೆ ಜಿಪ್ಸಂ, ಎಂದರೆ ಕ್ಯಾಲ್ಸಿಯಂ ಸಲ್ಫೇಟ್, ಹಾಕಬೇಕೆಂದು ಕ್ಯಾಲಿಫೋರ್ನಿಯದ ಹಿಲ್ಗಾರ್ಡ್ ಎಂಬ ಮೃತ್ತಿಕಾಶಾಸ್ತ್ರಜ್ಞರು 1880ರ ದಶಕದಲ್ಲಿ ಬೋಧಿಸಿದರು. ಎರಡೂ ನೀರಿನಲ್ಲಿ ಕೂಡಿದಾಗ ಸುಣ್ಣಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಬಿಳಿಯ ಗಸಿಯಾಗಿ ಕೆಳಗಿಳಿಯುತ್ತದೆ. ಸೋಡಿಯಂ ಸಲ್ಫೇಟ್ ನೀರಿನಲ್ಲಿಯೇ ಉಳಿಯುತ್ತದೆ. ಇಂತಹ ಗಸಿ ಇಳಿಯುವ ಕ್ರಿಯೆಯನ್ನೇ ಶಾಸ್ತ್ರದಲ್ಲಿ ಪ್ರಕ್ಷೇಪವೆನ್ನುವರು.

ಬರ್ಜೀಲಿಯಸ್ ಮಹಾಶಯರು 1813ರ ಸುಮಾರಿಗೆ ಧಾತುಗಳಿಗೆ ಅಕ್ಷರಗಳನ್ನು ಕೊಟ್ಟರು. ಆದರೂ ಬಹುಕಾಲ ಈ ಕ್ರಿಯೆಯನ್ನು ಎರಡು ಲವಣಗಳು ಸಂಗಾತಿಗಳನ್ನು ಬದಲಾಯಿಸಿಕೊಂಡಂತೆ ಮಾತ್ರ ಬರೆಯುತ್ತಿದ್ದರು. ಅಯಾನೆಂಬ ಹೆಸರನ್ನು 1834ರಲ್ಲಿ ಫ್ಯಾರಡೆ ಬಳಕೆಗೆ ತಂದರು. ಲವಣವು ನೀರಿನಲ್ಲಿ ಕರಗಿದೊಡನೆಯೇ, ವಿದ್ಯುತ್ತನ್ನು ಹಾಯಿಸದೆಯೂ, ಆವೇಶವುಳ್ಳ ಅಯಾನುಗಳಾಗಿ ಒಡೆದಿರುತ್ತದೆಂದು ಖಚಿತವಾಗಿ ಹೇಳಿದವರು ಸ್ವೀಡನ್ನಿನ ಅರ್‍ಹೀನಿಯಸ್. 1884ರ ಅವರ ಪ್ರಬಂಧಕ್ಕೆ ಉಪ್ಸಾಲದ ಪರೀಕ್ಷಕರು ಕೊಟ್ಟದ್ದು ಕೆಳದರ್ಜೆ. ಅದೇ ವಿಚಾರವೇ ಬೆಳೆದು 1903ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವನ್ನು ತಂದಿತು!

ಇಲ್ಲಿ ನಮ್ಮ ಮುಂದೆ ಕರಿಹಲಗೆಯಿಲ್ಲ. ಮಾತಿನಲ್ಲಿಯೇ ಸಮೀಕರಣವನ್ನು ಬರೆಯೋಣ. ಎಡಗಡೆ ಕ್ಯಾಲ್ಸಿಯಂ, ಸಲ್ಫೇಟ್, ಎರಡು ಸೋಡಿಯಂ, ಕಾರ್ಬೊನೇಟ್: ಈ ಅಯಾನುಗಳಿವೆ. ಬಲಗಡೆ ಸುಣ್ಣಕಲ್ಲಿನ ಗಸಿಯೊಂದು, ಜೊತೆಗೆ ಎರಡು ಸೋಡಿಯಂ, ಒಂದು ಸಲ್ಫೇಟ್. ಗಸಿಯನ್ನು ಒಡೆದು ಬರೆಯತಕ್ಕದ್ದಲ್ಲ. ಎರಡು ಕಡೆಯೂ ಬದಲಾಗದೆ ನಿಂತವನ್ನು, ಬರಿಯ ಪ್ರೇಕ್ಷಕರೆಂದು, ಹೊಡೆದುಹಾಕುತ್ತೇವೆ. ಎರಡು ಧನಾವೇಶದ ಕ್ಯಾಲ್ಸಿಯಂ, ಎರಡು ಋಣಾವೇಶದ ಕಾರ್ಬೊನೇಟ್ ಕೂಡಿ, ಆವೇಶವಿಲ್ಲದ ಸುಣ್ಣಕಲ್ಲಾಯಿತು ಎಂಬಷ್ಟೇ ಉಳಿಯುತ್ತದೆ. ಜಿಪ್ಸಮ್ಮಿಗೆ ಬದಲು ಕ್ಯಾಲ್ಸಿಯಂ ಕ್ಲೋರೈಡನ್ನು ಹಾಕಿದರೂ ಸಮೀಕರಣ ಇದೇ. ಬೇರೆ ಬೇರೆ ಲವಣಗಳ ಹಿಂದಿರುವ ಒಂದೇ ಕಾರ್ಯವನ್ನು ತೋರಿಸುವುದರಲ್ಲಿ ಈ ಬರವಣಿಗೆಯ ಹಿರಿಮೆಯಿದೆ. (ಜೇಡಿಗೆ ಅಂಟಿದ ಸೋಡಿಯಮ್ಮನ್ನು ಕ್ಯಾಲ್ಸಿಯಂ ಹೊರದೂಡುವುದೂ ಉಂಟು, ರೈತನಿಗೆ ಅದು ಇನ್ನೂ ಮುಖ್ಯ, ಆದರೆ ಅದು ಪ್ರಕ್ಷೇಪವಲ್ಲ.)

ಆದರೆ ಹೊಡೆದುಹಾಕಿದ ಪ್ರೇಕ್ಷಕರು ಹೊಲವನ್ನು ಬಿಟ್ಟು ಹೋದರೆ? ಹಿಲ್ಗಾರ್ಡರ ಮಾತಿನಲ್ಲಿ ಜಿಪ್ಸಂ ಕಪ್ಪು ಚೌಳನ್ನು ಬಿಳಿ ಚೌಳನ್ನಾಗಿ ಮಾಡುತ್ತದೆ. ಬಿಳಿ ಚೌಳೆಂದರೆ ಸಮೀಕರಣದಿಂದ ನಾವು ತೆಗೆದ ಆ ಸೋಡಿಯಂ ಮತ್ತು ಸಲ್ಫೇಟೇ. ಕಾಗದದ ಮೇಲೆ ಅದಕ್ಕೆ ಸ್ಥಾನವಿಲ್ಲವೆಂದು ಎರೆಭೂಮಿ ಅದನ್ನು ಮರೆಯದು. ನೀರು ತಳದಲ್ಲಿ ನಿಂತ ಹೊಲದಲ್ಲಿ ಅದು ಬೇಸಗೆಗೆ ಮತ್ತೆ ಮೇಲೇರಿ ಬೇರನ್ನು ಸುಡುತ್ತದೆ. ಆದುದರಿಂದ ಜಿಪ್ಸಮ್ಮಿನ ಚೀಲಗಳಿಗೆ ಹಣ ಹಾಕಿ ಬಸಿಗಾಲುವೆಯನ್ನು ಮುಂದಕ್ಕೆ ಹಾಕುವುದು ನಷ್ಟದ ಬೇಸಾಯವೆಂದೇ ನಮ್ಮ ಎಣಿಕೆ. ಬಸಿಗಾಲುವೆ ತೋಡಿದಲ್ಲಿ, ಉಪ್ಪಾರರ ತಿಳಿನೀರಿನಂತೆ, ಆ ಲವಣ ಮಳೆಯ ನೀರಿನೊಡನೆ ಹಗರಿಗೋ ತುಂಗಭದ್ರೆಗೋ ಇಳಿದುಹೋಗುತ್ತದೆ.